ಒಳಕೋಣೆಗೆ ಹೋಗುವ ಕೊಳವೆ

ಎಲ್ಲ ಮುಗಿದು, ನೆಂಟರು ಹೊರಟುಹೋದ ಮಾರನೆಯ ಬೆಳಿಗ್ಗೆ ಬಾಗಿಲು ಬಡಿದವನು ಸೀಲಿಂಗಿನ ಕೆಲಸದವನು. ಅವನಿಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಹೆಗಲಿಗೆ ಡ್ರಿಲ್ಲಿನ ಚೀಲ, ಕಿವಿಯ ಮೇಲೆ ಪೆನ್ಸಿಲು.

“ಅಣ್ಣ ಎದ್ದಿದಾರಾ?” ಎಂದ.

“ಇಲ್ಲ,” ಎಂದೆ.

“ಮಲಗಿರಲಿ ಬಿಡಿ. ಅಷ್ಟರಲ್ಲಿ ನಾನು ಏಣಿ ಹಾಕ್ಕೊಂಡಿರ್ತೀನಿ.”

ಒಲೆಯ ಮೇಲೆ ಹಾಲಿತ್ತು. ಉಕ್ಕೀತೆಂದು ಒಳಗೆ ಹೋಗಿ ಆರಿಸಿ ಬಂದೆ. ಬಂದು, “ಅವನು ತೀರಿಕೊಂಡ,” ಎಂದೆ.

ಅವನು ಮೊದಲು ನಕ್ಕ. ಗಂಡನ ಮೇಲೆ ಸಿಟ್ಟಾದ ಹೆಂಡತಿಯರು ಹೀಗೆಲ್ಲ ಹೇಳುವುದುಂಟು ಎಂದುಕೊಂಡಿರಬೇಕು. ಆಮೇಲೆ ನನ್ನ ಹಿಂದೆ ಗೋಡೆಯುದ್ದಕ್ಕೂ ಒಂದರ ಮೇಲೊಂದು ಪೇರಿಸಿದ್ದ ಬಾಡಿಗೆ ಕುರ್ಚಿಗಳು ಅವನ ಕಣ್ಣಿಗೆ ಬಿದ್ದವು. ಚೀಲವನ್ನು ನೆಲಕ್ಕಿಳಿಸಿದ.

“ಹೇಗೆ?”

ಹೇಳಿದೆ. ಹೇಳಿ ಹೇಳಿ ಅದು ಬಾಯಿಪಾಠವಾಗಿಹೋಗಿತ್ತು. ಕೆಲಸ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದ. ಕಿಟಕಿಯ ಪಕ್ಕ ಕುಳಿತಿದ್ದ. ನಮ್ಮ ಸ್ಟಾಪಿನಲ್ಲಿ ಇಳಿಯಲಿಲ್ಲ. ಕೊನೆಯ ಸ್ಟಾಪಿನಲ್ಲಿ ಕಂಡಕ್ಟರ್ ಬಂದು ಭುಜ ಮುಟ್ಟಿ, ಸರ್, ಬಸ್ಸು ಇಲ್ಲಿಗೇ ಕೊನೆ, ಎಂದನಂತೆ. ಹೃದಯ ನಿಂತಿತ್ತು. ಕಾಯಿಲೆ ಕಸಾಲೆ ಏನೂ ಇರಲಿಲ್ಲ. ಲಿಫ್ಟ್ ರಿಪೇರಿ ಮಾಡುವವನು. ಲಿಫ್ಟ್ ಕೆಟ್ಟ ಕಟ್ಟಡಗಳ ಮೆಟ್ಟಿಲು ಹತ್ತಿ ಹತ್ತಿ ಗಟ್ಟಿಯಾಗಿಯೇ ಇದ್ದ.

“ಡಕ್ಟ್ ಹಾಕಿ ಇಟ್ಟಿರ್ತೀನಿ, ನೀನು ಬಂದು ಮುಚ್ಚು ಸಾಕು ಅಂದಿದ್ರು,” ಎಂದ ಸೀಲಿಂಗಿನವನು. ಇಬ್ಬರೂ ತಲೆಯೆತ್ತಿ ನೋಡಿದೆವು.

ಬಚ್ಚಲಿನಿಂದ ಒಳಕೋಣೆಯವರೆಗೆ ನಡುಮನೆಯ ಸೀಲಿಂಗಿನ ಹಲಗೆಗಳನ್ನು ಬಿಚ್ಚಿಡಲಾಗಿತ್ತು. ಮೇಲೆ ಉದ್ದನೆಯ ಕತ್ತಲು, ಜೋತುಬಿದ್ದ ವೈರುಗಳು. ಬಚ್ಚಲಿನ ಅಟ್ಟದ ಮೇಲೆ ಅವನೇ ಮಾಡಿದ ಫ್ಯಾನ್ ಪೆಟ್ಟಿಗೆ. ಹಿತ್ತಲಿನಿಂದ ಗಾಳಿ ಎಳೆದು, ಜಾಳಿಗೆಯಲ್ಲಿ ಸೋಸಿ, ಕೊಳವೆಗಳಲ್ಲಿ ಮೂರೂ ಕೋಣೆಗಳಿಗೆ ಕಳಿಸಬೇಕು. ಪೆಟ್ಟಿಗೆ ಇತ್ತು, ಜಾಳಿಗೆ ಇತ್ತು, ಗೋಡೆಗಳಲ್ಲಿ ತೂತು ಕೊರೆದು ಗಾಳಿ ಹೊರಬೀಳುವ ಜಾಲರಿ ಕೂರಿಸಿಯಾಗಿತ್ತು. ಕೊಳವೆ ಇರಲಿಲ್ಲ.

“ಡಕ್ಟೇ ಇಲ್ದೆ ಏನನ್ನ ಮುಚ್ಚಲಿ ಅಕ್ಕ?”

“ಹಾಗೇ ಮುಚ್ಚಿಬಿಡಿ.”

“ಮುಚ್ಚಬಹುದು. ಆಮೇಲೆ ಬಿಚ್ಚಿ ಅಂದ್ರೆ ಆಗಲ್ಲ. ಹಲಗೆ ಒಡೀಬೇಕಾಗುತ್ತೆ.” ತುಸು ಯೋಚಿಸಿದ. “ಸೋಮವಾರ ಬರ್ತೀನಿ. ಅದಾದ್ಮೇಲೆ ದೊಡ್ಡ ಹೋಟೆಲಿನ ಕೆಲಸ ಹಿಡಿದಿದೀನಿ, ಈ ಕಡೆ ತಲೆ ಹಾಕಕ್ಕಾಗಲ್ಲ. ಡಕ್ಟ್ ಇದ್ರೆ ಡಕ್ಟ್ ಸಮೇತ ಮುಚ್ತೀನಿ, ಇಲ್ದಿದ್ರೆ ಖಾಲಿ ಮುಚ್ತೀನಿ. ಹೀಗೇ ಬಿಟ್ರೆ ಇಲಿಗಳು ಸಂಸಾರ ಹೂಡ್ತವೆ.”

ಅತ್ತೆ ಒಳಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

“ಅವನಿಗೆ ಟೀ ಕೊಟ್ಟೆಯಾ?” ಎಂದರು.

ಕೊಟ್ಟೆ. ಅವನು ಬಾಡಿಗೆ ಕುರ್ಚಿಯೊಂದನ್ನು ಕೆಳಗಿಳಿಸಿ ಕುಳಿತು ಕುಡಿದ. ಹೋಗುವಾಗ ಕುರ್ಚಿಯನ್ನು ಮತ್ತೆ ಸಾಲಿಗೆ ಸೇರಿಸಿದ.

*

ನಮ್ಮದು ನೆಲದ ಮಟ್ಟದ ಮನೆ. ಎದುರಿಗೆ ಕಲ್ಲು ಕೊಯ್ಯುವ ಅಂಗಡಿ. ಅಡುಗೆಮನೆಗೆ, ನೆಲಕ್ಕೆ, ಮೆಟ್ಟಿಲಿಗೆ ಹಾಸುವ ಚಪ್ಪಡಿಗಳನ್ನು ಅಲ್ಲಿ ಬೆಳಗಿನಿಂದ ಕತ್ತರಿಸುತ್ತಾರೆ. ಕಿಟಕಿ ತೆರೆದರೆ ಬಿಳಿ ಧೂಳು ಒಳಗೆ ಬಂದು ತಟ್ಟೆ, ಪುಸ್ತಕ, ರೆಪ್ಪೆ ಎಲ್ಲದರ ಮೇಲೂ ಕೂರುತ್ತದೆ. ಆದ್ದರಿಂದ ತೆರೆಯುವುದಿಲ್ಲ. ಒಳಕೋಣೆಗೆ ಕಿಟಕಿಯೇ ಇಲ್ಲ. ಹಿಂದೆ ಇದ್ದವರು ಅದನ್ನು ಉಗ್ರಾಣ ಮಾಡಿಕೊಂಡಿದ್ದರು. ಮಾವ ಹೋದ ಮೇಲೆ ಅತ್ತೆ ನಮ್ಮಲ್ಲಿಗೆ ಬಂದರು. ಬೇರೆ ಕೋಣೆ ಇರಲಿಲ್ಲ.

ಅತ್ತೆ ಹಾಸಿಗೆ ಹೊಲಿಯುತ್ತಿದ್ದವರು. ಹತ್ತಿ ಬಿಡಿಸಿ, ತುಂಬಿ, ದಬ್ಬಳದಲ್ಲಿ ಹೊಲಿದು ಇಬ್ಬರು ಗಂಡುಮಕ್ಕಳನ್ನು ಸಾಕಿದರು. ಆ ಹತ್ತಿ ಅವರ ಎದೆಯಲ್ಲೂ ತುಂಬಿಕೊಂಡಿದೆ. ಪ್ರತಿ ಮಾತಿನ ಕೊನೆಗೆ ಉಸಿರು ಒಂದು ಸಣ್ಣ ಸದ್ದು ಮಾಡುತ್ತದೆ. ಈಗಲೂ ಅಂಗಡಿಯೊಂದಕ್ಕೆ ದಿಂಬಿನ ಗವಸು ಹೊಲಿದುಕೊಡುತ್ತಾರೆ. ಸಂಜೆಯಾದರೆ ಮೂಲೆಯ ಇಸ್ತ್ರಿ ಅಂಗಡಿಯ ಕಟ್ಟೆಯವರೆಗೆ ನಡೆದು ಹೋಗಿ, ಅಲ್ಲಿ ಇಸ್ತ್ರಿಯವನ ಹೆಂಡತಿಯ ಜೊತೆ ಬೀದಿಯವರ ಸಮಾಚಾರವನ್ನೆಲ್ಲ ಜಾಲಾಡಿ ಬರುತ್ತಾರೆ. ಅದು ಅವರ ದಿನ.

ಕೊಳವೆಯ ವಿಷಯದಲ್ಲಿ ನನ್ನ ಗಂಡ ತಿಂಗಳುಗಟ್ಟಲೆ ಮೀನಮೇಷ ಎಣಿಸಿದ. ತಗಡಿನದು ಒಳ್ಳೆಯದು, ಕೂರಿಸುವುದು ಕಷ್ಟ. ಮೆತ್ತನೆಯದು ಸುಲಭ, ಆದರೆ ಮನಸ್ಸು ಒಪ್ಪುವುದಿಲ್ಲ. ಊಟಕ್ಕೆ ಕುಳಿತಾಗಲೂ ಅದೇ ಮಾತು. “ನೀನು ಡಕ್ಟ್ ಹಾಕೋ ಹೊತ್ತಿಗೆ ನಾನೇ ಗಾಳಿಯಾಗಿ ಅದರೊಳಗೆ ಓಡಾಡ್ತಿರ್ತೀನಿ ಬಿಡು,” ಎಂದು ಅತ್ತೆ ಹಂಗಿಸುತ್ತಿದ್ದರು. ಮೂವರೂ ನಗುತ್ತಿದ್ದೆವು. ಸರದಿ ತಪ್ಪಿತು.

ಮಧ್ಯಾಹ್ನ ಭಾವ ಬಂದರು. ಕುರ್ಚಿಗಳನ್ನು ಅಂಗಡಿಗೆ ಮರಳಿಸುವುದಿತ್ತು. ಅವನ ಅಣ್ಣ. ಮಾತು ಒರಟು, ಮನುಷ್ಯ ಕೆಟ್ಟವರಲ್ಲ.

“ನೋಡಮ್ಮ,” ಎಂದರು, “ಭಾನುವಾರ ವ್ಯಾನ್ ತರ್ತೀನಿ. ಅಮ್ಮನ್ನ ಕರ್ಕೊಂಡು ಹೋಗ್ತೀನಿ. ನೀನು ಎಷ್ಟು ಅಂತ ಹೊತ್ಕೊಳ್ತೀಯ. ನಮ್ಮನೇಲಿ ಗಾಳಿಗೇನು ಬರ ಇಲ್ಲ. ಬಟ್ಟೆ ಒಣಗಾಕಿದ್ರೆ ಪಕ್ಕದ ಬೀದೀಲಿ ಹೋಗಿ ಹುಡುಕ್ಬೇಕು.”

ಭಾವನ ಮನೆ ನಾಲ್ಕನೆಯ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. ಆ ಉಸಿರಿನಲ್ಲಿ ಅತ್ತೆ ಒಮ್ಮೆ ಹತ್ತಿದರೆ ಮತ್ತೆ ಇಳಿಯುವ ಮಾತಿಲ್ಲ. ಇದು ಭಾವನಿಗೂ ಗೊತ್ತು, ಅತ್ತೆಗೂ ಗೊತ್ತು.

“ಏನಮ್ಮ, ಬರ್ತೀಯ ತಾನೆ?”

“ನೀವು ಹೇಗೆ ಹೇಳಿದ್ರೆ ಹಾಗೆ,” ಎಂದರು ಅತ್ತೆ. ನನ್ನ ಮುಖ ನೋಡಲಿಲ್ಲ. ಸೀಲಿಂಗಿನ ಕತ್ತಲನ್ನು ನೋಡುತ್ತಿದ್ದರು.

ಬೆಳಿಗ್ಗೆ ನನ್ನ ಅಮ್ಮ ಫೋನಿನಲ್ಲಿ ಹೇಳಿದ್ದಳು. ಮನೆ ಖಾಲಿ ಮಾಡಿ ಇಲ್ಲಿಗೆ ಬಾ. ಅವರನ್ನ ಅವರ ಮಗ ನೋಡ್ಕೋತಾನೆ, ನಿನಗೂ ಅವರಿಗೂ ಇನ್ನೇನು? ನಾನು ಅದನ್ನು ಪ್ರಶ್ನೆಯೆಂದೇ ತಿಳಿದು ಉತ್ತರ ಹುಡುಕಿದ್ದೆ. ಅತ್ತೆ ನನಗೆ ಅತ್ತೆಯಾದದ್ದು ಅವನಿಂದ. ನಡುವಿನವನು ಇಲ್ಲದೆ ಹೋದರೆ ಎರಡು ತುದಿಗಳನ್ನು ಏನೆಂದು ಕರೆಯಬೇಕು? ಇರಿ ಎನ್ನಲು ನಾನು ಯಾರು. ಹೋಗಿ ಎನ್ನಲೂ ಯಾರು. ಇಷ್ಟು ಯೋಚಿಸುವುದರಲ್ಲಿ ಸುಸ್ತಾಗಿ, ಬಟ್ಟೆ ಮಡಿಸಿದ್ದೆ.

“ಡಕ್ಟ್ ಹಾಕಿದ್ರೆ ಒಳಕೋಣೆಗೂ ಗಾಳಿ ಬರುತ್ತೆ,” ಎಂದೆ ಈಗ. ನನ್ನ ದನಿ ನನಗೇ ಪಕ್ಕದ ಮನೆಯಿಂದ ಬಂದಂತಿತ್ತು.

“ಯಾರು ಹಾಕ್ತಾರೆ?” ಎಂದರು ಭಾವ.

ನಾನು ಗೋಡೆಗೊರಗಿಸಿದ್ದ ಏಣಿಯನ್ನು ನೋಡಿದೆ. ಭಾವ ಕುರ್ಚಿಯೊಂದನ್ನು ಎತ್ತಿಕೊಂಡರು.

“ಸರಿ. ಭಾನುವಾರ ಬಂದು ನೋಡ್ತೀನಿ. ಆ ಗೂಡಿಗೆ ಗಾಳಿ ಬಂದಿದ್ರೆ ಅಮ್ಮ ಇರಲಿ. ಇಲ್ದಿದ್ರೆ ನನ್ನ ಜೊತೆ ಬರ್ತಾಳೆ. ನಾಳೆ ಅವಳಿಗೆ ಹೆಚ್ಚುಕಮ್ಮಿ ಆದ್ರೆ ಜನ ಉಗಿಯೋದು ನನ್ನ ಮುಖಕ್ಕೆ.”

ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ಒಂದೊಂದೇ ಕಂತಾಗಿ ಹೊರಗೆ ಸಾಗಿಸಿದರು. ಅತ್ತೆ ಗವಸು ಹೊಲಿಯಲು ಕುಳಿತರು.

*

ತಗಡಿನ ಅಂಗಡಿಯವನನ್ನು ಎಲ್ಲರೂ ಡಬ್ಬಿ ಎನ್ನುತ್ತಾರೆ. ಅವನೂ ಫೋನೆತ್ತಿ “ಹಲೋ, ಡಬ್ಬಿ” ಎನ್ನುತ್ತಾನೆ. ಬಕೆಟ್ಟು, ಲಾಳಿಕೆ, ಹೊಗೆಕೊಳವೆ ಮಾಡುತ್ತಾನೆ. ಡಕ್ಟಿನ ಸಾಮಾನೂ ಇಡುತ್ತಾನೆ. ಸುದ್ದಿ ಅವನಿಗೆ ಗೊತ್ತಿತ್ತು. ಬಡಿಯುವುದನ್ನು ನಿಲ್ಲಿಸಿ ಎದ್ದು ನಿಂತ. ಅಕ್ಕಪಕ್ಕದ ಅಂಗಡಿಗಳ ಬಡಿತ ಮುಂದುವರಿದಿತ್ತು.

“ದಿನಾ ಸಂಜೆ ಬಂದು ತಲೆ ತಿಂತಿದ್ರು ನಿಮ್ಮೆಜಮಾನ್ರು,” ಎಂದ. “ಈ ಪೈಪಿನ ಒಂದು ತುದೀಲಿ ಅವರು ಊದೋದು, ಇನ್ನೊಂದು ತುದೀಲಿ ನಾನು ಕೆನ್ನೆ ಇಡೋದು. ಬಂತಾ, ಬಂತಾ ಅಂತ. ಗಿರಾಕಿಗಳು ನೋಡಿ ನಗ್ತಿದ್ರು. ಕೊಳ್ಳೋದು ಮಾತ್ರ ಇಲ್ಲ.”

“ನಾನು ಕೊಳ್ತೀನಿ.”

ಅವನು ಮೂರು ಬಗೆ ತೋರಿಸಿದ. ಬೆಳ್ಳಿಯ ಹಾಳೆಯಂಥದರ ಒಳಗೆ ತಂತಿಯ ಸುರುಳಿ ಇದ್ದ ಮೆತ್ತನೆಯ ಕೊಳವೆ, ಒತ್ತಿದರೆ ಮುದುಡಿ, ಎಳೆದರೆ ಮನೆಯುದ್ದ ಬರುತ್ತದೆ. ತಗಡಿನ ಗುಂಡು ಕೊಳವೆ, ತುಂಡು ತುಂಡಾಗಿ ಜೋಡಿಸಬೇಕು, ತಿರುವಿಗೆ ಮೊಣಕೈ ಎಂಬ ಬಾಗಿದ ತುಂಡು ಬೇರೆ ಬೇಕು. ಪ್ಲಾಸ್ಟಿಕ್ಕಿನ ಚಪ್ಪಟೆಯದು, ಅದು ನಮ್ಮ ತೂತುಗಳಿಗೆ ಕೂರುವುದಿಲ್ಲ ಎಂದು ಅವನೇ ಪಕ್ಕಕ್ಕಿಟ್ಟ.

“ಎಷ್ಟು ವರ್ಷಕ್ಕೆ ಬೇಕು?”

“ಭಾನುವಾರಕ್ಕೆ,” ಎಂದೆ.

“ಬೇಕಾಗಿರೋದು ಯಾವಾಗ ಅಂತ ಅಲ್ಲ ತಂಗಿ. ಬಾಳಿಕೆ ಎಷ್ಟು ಬೇಕು ಅಂತ ಕೇಳಿದೆ.”

ಭಾನುವಾರದ ಆಚೆಗೆ ನೋಡಿದರೆ ಒಂದು ಬಿಳಿ ಗೋಡೆ ಕಾಣುತ್ತಿತ್ತು, ಅಷ್ಟೆ. ಅದು ಹೆದರಿಸುತ್ತಲೂ ಇರಲಿಲ್ಲ.

“ಯಾವುದು ಬೇಗ ಆಗುತ್ತೆ?”

“ಇದು ತಗೊಳ್ಳಿ ಹಾಗಾದ್ರೆ,” ಎಂದು ಮೆತ್ತನೆಯದನ್ನು ಮುಂದೆ ತಳ್ಳಿದ. “ಹೆಂಗಸರೇ ಹಾಕ್ಕೋಬಹುದು. ಎಲ್ಲಿ ಬೇಕಾದ್ರೂ ಬಾಗುತ್ತೆ, ಹಾವಿದ್ದಂಗೆ. ಎಲ್ಲರ ಮನೇಲೂ ಇದೇ. ಯಾರೂ ವಾಪಸ್ ಬಂದು ಬೈದಿಲ್ಲ.”

ಕಟ್ಟಿಕೊಡುತ್ತ, ಸಂಕೋಚದಿಂದ, “ಇನ್ನೊಂದು ಮಾತು. ಹೇಳಬಾರದು ಈಗ. ನನ್ನ ನೆರಿಗೆ ಇಕ್ಕಳ ಅವರ ಹತ್ರ ಇದೆ,” ಎಂದ.

“ಹಾಗಂದ್ರೆ?”

ತಗಡಿನ ಕೊಳವೆಯ ತುದಿಗೆ ನೆರಿಗೆ ಹಿಡಿಯುವ ಇಕ್ಕಳವಂತೆ. ನೆರಿಗೆ ಬಿದ್ದ ತುದಿ ಸಣ್ಣಗಾಗುತ್ತದೆ, ಮುಂದಿನ ತುಂಡಿನೊಳಗೆ ಹೊಗುತ್ತದೆ. ನನ್ನ ಗಂಡ ಅದನ್ನು ನೋಡಿ, ಅಭ್ಯಾಸ ಮಾಡಿ ನೋಡ್ತೀನಿ ಕೊಡು ಎಂದು ಒಯ್ದಿದ್ದನಂತೆ.

“ಹುಡುಕ್ತೀನಿ,” ಎಂದೆ.

ಹುಡುಕಬೇಕಾಗಿರಲಿಲ್ಲ. ಇದ್ದರೆ ಅವನ ಕೆಲಸದ ಚೀಲದಲ್ಲಿರುತ್ತದೆ. ಬಸ್ಸಿನವರು ತಂದುಕೊಟ್ಟ ಚೀಲ ನನ್ನ ಮಂಚದ ಕೆಳಗಿತ್ತು. ನಾನದನ್ನು ತೆರೆದಿರಲಿಲ್ಲ.

*

ಮೆತ್ತನೆಯ ಕೊಳವೆಯನ್ನು ನಾವಿಬ್ಬರೇ ಹಾಕಿದೆವು. ನಾನು ಏಣಿಯ ಮೇಲೆ, ಅತ್ತೆ ಕೆಳಗೆ ಕುರ್ಚಿಯಲ್ಲಿ. ಅವರ ತೊಡೆಯ ಮೇಲೆ ಕೊಳವೆಯ ಮುದ್ದೆ. ಅಲ್ಲಿಂದ ಬಿಚ್ಚಿ ಬಿಚ್ಚಿ ಕೊಡುತ್ತಿದ್ದರು.

ನಾನು ಎಳೆದಾಗಲೆಲ್ಲ, “ಬಿಗಿ ಹಿಡೀಬೇಡ ಕಣೇ,” ಎನ್ನುತ್ತಿದ್ದರು. “ಸ್ವಲ್ಪ ಸಡಿಲ ಬಿಡು. ಬಿಗಿಯಾಗಿ ಹೊಲಿದ ದಿಂಬು ಮೊದಲು ಹರಿಯುತ್ತೆ.”

“ಇದು ದಿಂಬಲ್ಲ ಅತ್ತೆ.”

“ಬಟ್ಟೆ ಥರಾನೇ ಇದೆಯಲ್ಲ. ನಾಳೆ ಕುಗ್ಗಿದ್ರೆ? ಮೂಲೆ ತಿರುಗೋ ಕಡೆ ಇನ್ನೂ ಬಿಡು. ಕಂಕುಳಿಗೆ ಬಟ್ಟೆ ಸಾಲದೆ ಇದ್ರೆ ಕೈ ಎತ್ತಕ್ಕಾಗುತ್ತಾ?”

ಬಿಟ್ಟೆ. ಈ ಮನೆಯಲ್ಲಿ ಯಾವುದನ್ನೂ ಬಿಗಿಯಾಗಿ ಮಾಡಿ ಗೊತ್ತಿಲ್ಲ. ಪರದೆ ನೆಲ ಮುಟ್ಟಿ ಇನ್ನೂ ಒಂದು ಗೇಣು ಉಳಿದಿರುತ್ತದೆ. ಅವನ ಅಂಗಿಗಳೆಲ್ಲ ಅವನಿಗಿಂತ ದಪ್ಪನೆಯವನೊಬ್ಬನಿಗೆ ಹೊಲಿದಂತಿರುತ್ತಿದ್ದವು. ಕೊಳವೆ ನಡುಮನೆಯ ಮೇಲೆ ಅಲೆಅಲೆಯಾಗಿ ಮಲಗಿತು. ಒಳಕೋಣೆಯ ಎರಡು ತಿರುವುಗಳಲ್ಲಿ ಧಾರಾಳವಾಗಿ ಸುತ್ತಿಕೊಂಡಿತು.

ನಾನು ಓದಿದ್ದು ಭೌತಶಾಸ್ತ್ರ. ಈಗ ಪಠ್ಯಪುಸ್ತಕಗಳ ಕರಡು ತಿದ್ದುತ್ತೇನೆ. ಕೊಳವೆಯಲ್ಲಿ ಹರಿಯುವ ಗಾಳಿಗೆ ಒಂದೊಂದು ಮಡಿಕೆಯೂ ಒಂದೊಂದು ತಡೆ ಎಂಬುದನ್ನು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಪೂರ್ತಿ ಅಂಕ ತೆಗೆದುಕೊಂಡವಳು. ಆ ದಿನ ಅದು ನೆನಪಿಗೆ ಬರಲಿಲ್ಲವೆಂದಲ್ಲ. ಬಂತು, ಬಸ್ಸಿನ ಕಿಟಕಿಯಲ್ಲಿ ಕಂಡ ಬೋರ್ಡಿನ ಹಾಗೆ ದಾಟಿಹೋಯಿತು.

ಫ್ಯಾನ್ ಹಾಕಿದೆ. ಮುಂದಿನ ಕೋಣೆಯ ಜಾಲರಿಯಿಂದ ಗಾಳಿ ಬಂತು. ನಮ್ಮ ಕೋಣೆಗೆ ಅರೆಬರೆ ಬಂತು. ಒಳಕೋಣೆಯ ಜಾಲರಿಗೆ ಅತ್ತೆ ಒಂದು ದಾರ ಕಟ್ಟಿ, ಅದರ ತುದಿಗೆ ಹತ್ತಿಯ ಎಸಳು ಸಿಕ್ಕಿಸಿಟ್ಟಿದ್ದರು.

“ಬಂತಾ ಅತ್ತೆ?” ಎಂದು ಸ್ವಿಚ್ಚಿನ ಹತ್ತಿರದಿಂದಲೇ ಕೂಗಿದೆ.

“ಬಂತು, ಬಂತು. ಚೆನ್ನಾಗಿ ಬರ್ತಿದೆ.”

ಒಳಗೆ ಹೋದೆ. ಅತ್ತೆ ಜಾಲರಿಯ ಕೆಳಗೆ ಮಂಚದ ಮೇಲೆ ಕುಳಿತು ಮುಖ ಮೇಲೆತ್ತಿದ್ದರು. ಕಣ್ಣು ಮುಚ್ಚಿದ್ದರು. ಹಣೆಯ ಮೇಲೆ ಬೆವರಿತ್ತು. ಹತ್ತಿಯ ಎಸಳು ಗೋಡೆಗೆ ಬಡಿದ ಮೊಳೆಯ ಹಾಗೆ ಅಲುಗದೆ ಇಳಿಬಿದ್ದಿತ್ತು.

“ತಣ್ಣಗಿದೆ ಕಣೇ,” ಎಂದರು. ಹೊದಿಕೆಯನ್ನು ಭುಜದವರೆಗೆ ಎಳೆದುಕೊಂಡರು.

“ಹೌದು,” ಎಂದೆ.

ಹೊರಗೆ ಬಂದು ಏಣಿಯ ಮೊದಲ ಮೆಟ್ಟಿಲ ಮೇಲೆ ಕುಳಿತೆ. ಹೋಗಬೇಕೆಂದಿರುವವರು ಹೀಗೆ ಸುಳ್ಳು ಹೇಳುವುದಿಲ್ಲ. ಅಷ್ಟು ಅರ್ಥವಾಯಿತು. ಅರ್ಥವಾದದ್ದನ್ನು ಇಟ್ಟುಕೊಂಡು ಏನು ಮಾಡಬೇಕೆಂದು ತಿಳಿಯಲಿಲ್ಲ. ಒಳಗೆ ಹೋಗಿ ಅವರ ಕೈ ಹಿಡಿಯಬಹುದಿತ್ತು. ನಾವು ಹಾಗೆಲ್ಲ ಕೈ ಹಿಡಿದುಕೊಂಡವರಲ್ಲ. ಅಕ್ಕಿ ತೊಳೆದಿಟ್ಟೆ.

*

ಭಾನುವಾರ ಬೆಳಿಗ್ಗೆ ಭಾವ ವ್ಯಾನ್ ತಂದರು. ಹಿಂದಿನ ಸೀಟು ಬಿಚ್ಚಿ ಜಾಗ ಮಾಡಿಕೊಂಡಿದ್ದರು. ಅತ್ತೆಯ ಮಂಚ ಹಿಡಿಯಬೇಕಲ್ಲ.

ಅತ್ತೆ ಬಾಗಿಲಲ್ಲೇ, “ಗಾಳಿ ಬಂತು ಕಣೋ, ನಿನ್ನೆಯಿಂದ. ಚಳಿ ಹತ್ತೋ ಹಾಗೆ,” ಎಂದರು. ಒಂದೇ ಉಸಿರಿಗೆ ಹೇಳಲು ಹೋಗಿ ಕೆಮ್ಮು ಹತ್ತಿತು.

“ಹೌದಾ? ಒಳ್ಳೇದಾಯ್ತು,” ಎಂದು ಭಾವ ಒಳಕೋಣೆಗೆ ಹೋದರು. ನಾನು ಫ್ಯಾನ್ ಹಾಕಿದೆ. ಅವರು ಜಾಲರಿಗೆ ಅಂಗೈ ಹಿಡಿದರು. ಅಂಗೈ ತಿರುಗಿಸಿ ಹಿಂಗೈ ಹಿಡಿದರು. ಕೊನೆಗೆ ಮಂಚ ಹತ್ತಿ ಮೂತಿಯನ್ನೇ ಹಿಡಿದರು.

“ಅಮ್ಮ, ಎಲ್ಲಿದೆ ಗಾಳಿ?”

“ಈಗ ನಿಂತಿರಬೇಕು. ಆಗ ಬರ್ತಿತ್ತು.”

“ಫ್ಯಾನ್ ಓಡ್ತಾ ಇದೆ. ನಿಲ್ಲೋಕೆ ಅದೇನು ಬಸ್ಸಾ?”

ಬಸ್ಸು ಎಂದ ಮೇಲೆ ಅವರಿಗೇ ಹೊಳೆಯಿತು. ಮಂಚದಿಂದ ಇಳಿದು, ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು.

“ನಡೀಮ್ಮ. ಬಟ್ಟೆ ಕಟ್ಟಿಕೋ,” ಎಂದರು ಮೆಲ್ಲಗೆ.

ಅತ್ತೆ ನನ್ನ ಕಡೆ ತಿರುಗಲಿಲ್ಲ. ಮಂಚದ ಕೆಳಗಿನಿಂದ ಹೊಲಿಗೆಯ ಬುಟ್ಟಿ ತೆಗೆದರು. ಕತ್ತರಿ ಹಾಕಿದರು. ದಾರದ ಉಂಡೆ ಹಾಕಿದರು. ಜಾಲರಿಗೆ ಕಟ್ಟಿದ್ದ ದಾರವನ್ನೂ ಬಿಚ್ಚಲು ಕೈ ಚಾಚಿದರು. ಎಟುಕಲಿಲ್ಲ.

“ಅದನ್ನ ಬಿಚ್ಚಬೇಡಿ,” ಎಂದೆ. “ಅದು ಬೇಕು.”

ಇಬ್ಬರೂ ನನ್ನನ್ನು ನೋಡಿದರು.

“ನಾನು ತಂದ ಪೈಪು ತಪ್ಪು ಭಾವ. ಅದನ್ನ ಕಿತ್ತುಹಾಕ್ತೀನಿ. ತಗಡಿಂದು ಹಾಕ್ತೀನಿ.”

“ಅದನ್ನೇ ಬಿಗಿ ಮಾಡಿದ್ರಾಯ್ತಲ್ಲ. ಸಡಿಲ ಇದೆ ಅಷ್ಟೆ, ನಾನೂ ನೋಡ್ದೆ.”

“ಇವತ್ತಿಗೆ ಆಗುತ್ತೆ. ಬರ್ತಾ ಬರ್ತಾ ಜೋತುಬೀಳುತ್ತೆ, ಮಡಿಕೇಲಿ ಧೂಳು ಕೂರುತ್ತೆ. ನಾಳೆ ಸೀಲಿಂಗ್ ಮುಚ್ತಾರೆ. ಮುಚ್ಚಿದ ಮೇಲೆ ತೆಗೆಯೋಕೆ ಆಗಲ್ಲ. ಅತ್ತೆ ಇಲ್ಲೇ ಇರೋದಲ್ವಾ. ವರ್ಷಗಟ್ಟಲೆ ಬರೋ ಅಂಥದ್ದೇ ಬೇಕು.”

ಹೇಳುವಾಗ ಎದೆಯಲ್ಲಿ ಏನೂ ಅಲುಗಲಿಲ್ಲ.

ಅತ್ತೆ ಬುಟ್ಟಿಯಲ್ಲಿ ಕೈ ಇಟ್ಟುಕೊಂಡೇ ಇದ್ದರು. ಆಮೇಲೆ ಕತ್ತರಿಯನ್ನು ಹೊರಗೆ ತೆಗೆದಿಟ್ಟರು.

“ಇವಳ ಮಾತು ಕೇಳು,” ಎಂದರು ಭಾವನಿಗೆ. “ಓದಿದಾಳೆ.”

“ಓದಿದವಳೇ ಆ ಹಾವನ್ನ ತಂದಿದ್ದು,” ಎಂದರು ಭಾವ.

“ಸಡಿಲ ಬಿಡು ಅಂದಿದ್ದು ನಾನು. ಅವಳನ್ನ ಯಾಕೆ ಅಂತೀಯ?”

“ಅಂದ್ರೆ ಗಾಳಿ ಬರ್ತಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.”

ಭಾವ ವ್ಯಾನಿನ ಕೀಲಿಯನ್ನು ಕೈಯಿಂದ ಕೈಗೆ ಎಸೆದುಕೊಳ್ಳುತ್ತ ನಿಂತಿದ್ದರು. “ಡಬ್ಬಿ ಭಾನುವಾರ ಎಷ್ಟೊತ್ತಿನವರೆಗೆ ತೆಗೆದಿರ್ತಾನೆ?” ಎಂದು ಕೊನೆಗೆ ಕೇಳಿದರು.

ದಾರಿಯುದ್ದಕ್ಕೂ ಗೊಣಗಿದರು. ಅಮ್ಮನನ್ನು ಒಯ್ಯಲು ತಂದ ವ್ಯಾನಿನಲ್ಲಿ ತಗಡು ಹೇರುವ ಯೋಗ ತನ್ನ ಹಣೆಯಲ್ಲಿ ಬರೆದಿದೆಯೆಂದು, ತಮ್ಮ ಇದ್ದಾಗಲೂ ಹೀಗೇ ಸತಾಯಿಸುತ್ತಿದ್ದನೆಂದು. ಮೊದಲ ಬಾರಿಗೆ ಯಾರೋ ಅವನನ್ನು ಬೈದದ್ದು ಕಿವಿಗೆ ಬಿತ್ತು. ಎಲ್ಲರೂ ಹೊಗಳುತ್ತಲೇ ಇದ್ದರು ಅಷ್ಟು ದಿನ. ಕೇಳಲು ಹಿತವಾಗಿತ್ತು.

ಡಬ್ಬಿ ಬಾಗಿಲು ಎಳೆಯುತ್ತಿದ್ದ. ನಮ್ಮನ್ನು ನೋಡಿ ಅರ್ಧಕ್ಕೆ ಬಿಟ್ಟ.

“ವಾಪಸ್ ತಗೊಳ್ಳಲ್ಲ,” ಎಂದ ಮೊದಲೇ.

“ವಾಪಸ್ ಬೇಡ. ತಗಡಿಂದು ಕೊಡಿ. ಮೊಣಕೈ ಎರಡೂ ಅಗಲವಾಗಿ ತಿರುಗೋದು ಕೊಡಿ, ಮುರಿದ ಹಾಗಿರೋದು ಬೇಡ.”

ಅವನು ಕೊಟ್ಟ. ಕೊಟ್ಟು, “ಇಕ್ಕಳ ತಂದ್ರಾ?” ಎಂದ.

“ಇಲ್ಲ. ಈಗ ನನಗೇ ಬೇಕು. ಕೆಲಸ ಮುಗಿಸಿ ತರ್ತೀನಿ.”

“ನಿಮ್ಮೆಜಮಾನ್ರೂ ಹೀಗೇ, ತರ್ತೀನಿ ಅಂದಿದ್ರು,” ಎಂದವನು ನಾಲಗೆ ಕಚ್ಚಿಕೊಂಡ.

*

ಮನೆಗೆ ಬಂದು ಮಂಚದ ಕೆಳಗಿನ ಚೀಲ ತೆರೆದೆ. ಗ್ರೀಸಿನ ವಾಸನೆ ಬಂತು. ಮೇಲೆಯೇ ಊಟದ ಡಬ್ಬಿಯಿತ್ತು. ಅದನ್ನು ತೊಳೆಯಲು ಹಾಕಿದೆ. ಕೆಳಗೆ ಸ್ಪ್ಯಾನರುಗಳ ನಡುವೆ ಬಟ್ಟೆಯಲ್ಲಿ ಸುತ್ತಿದ ಇಕ್ಕಳ. ಬಾಯಲ್ಲಿ ಒಂದು ಕಡೆ ಎರಡು, ಒಂದು ಕಡೆ ಮೂರು ದಪ್ಪ ಹಲ್ಲುಗಳು. ಸುತ್ತಿದ ಬಟ್ಟೆ ಅತ್ತೆ ಹೊಲಿದ ಗವಸಿನ ಚೂರು. ಆಗಲೂ ಅಳು ಬರಲಿಲ್ಲ. ಬರಬಹುದೇನೋ ಎಂದು ಕೊಂಚ ಹೊತ್ತು ಅಲ್ಲೇ ಕುಳಿತಿದ್ದೆ. ಭಾವ ನಡುಮನೆಯಿಂದ, “ಏಣಿ ಹಿಡ್ಕೋ ಬಾಮ್ಮ,” ಎಂದರು.

ಮೆತ್ತನೆಯದನ್ನು ಕಿತ್ತುಹಾಕಿದೆವು. ಫ್ಯಾನ್ ಪೆಟ್ಟಿಗೆಯ ಬಾಯಿಯಲ್ಲಿ ಮಾತ್ರ ಒಂದು ಮೊಳ ಉಳಿಸಿಕೊಂಡೆ. ಅಲ್ಲಿ ಮೆತ್ತಗಿದ್ದರೆ ಫ್ಯಾನಿನ ನಡುಕ ತಗಡಿಗೆ ಹರಿಯುವುದಿಲ್ಲ, ಮನೆಯೆಲ್ಲ ಗುಂಯ್‌ಗುಡುವುದಿಲ್ಲ.

ಭಾವ ಇಕ್ಕಳ ಹಿಡಿದು ಒಂದು ತುದಿಯನ್ನು ಅಗಿದುಹಾಕಿದರು. ಇಲಿ ಕಚ್ಚಿದಂತಾಯಿತು. ನಾನು ಮಾಡಿದ್ದು ಒಂದು ಕಡೆ ಒತ್ತಾಗಿ ಇನ್ನೊಂದು ಕಡೆ ಖಾಲಿ ಉಳಿಯಿತು. ಅತ್ತೆ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು.

“ಏನು ಮಾಡ್ತಿದೀರ ಅದು?”

“ನೆರಿಗೆ ಹಿಡೀಬೇಕು ಅತ್ತೆ, ಸುತ್ತ. ಇದು ಅದರೊಳಗೆ ಹೋಗೋ ಹಾಗೆ.”

“ಮೊದಲೇ ಹೇಳಬಾರದಾ. ಕೊಡಿ ಇಲ್ಲಿ.”

ತಗಡಿನ ತುಂಡನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡರು. ಬೆರಳಿನಿಂದ ಸುತ್ತಳತೆ ನೋಡಿದರು. ಒಂದು ನೆರಿಗೆ, ಎದುರಿಗೆ ಇನ್ನೊಂದು, ಆಮೇಲೆ ನಡುವಿನವು. ಕೈಯಲ್ಲಿ ಬಲ ಸಾಲದಾದಾಗ ಇಕ್ಕಳದ ಒಂದು ಹಿಡಿಯನ್ನು ಕುರ್ಚಿಯ ತೋಳಿಗೆ ಒತ್ತಿ ಮೇಲಿನಿಂದ ಭಾರ ಹಾಕುತ್ತಿದ್ದರು. ನಡುನಡುವೆ ಉಸಿರಿಗಾಗಿ ನಿಲ್ಲುತ್ತಿದ್ದರು. ಮುಗಿದಾಗ ದಿಂಬಿನ ಅಂಚಿನ ಹಾಗೆ ಒಂದೇ ಸಮ ಇತ್ತು. ಭಾವ ಅದನ್ನು ಮುಂದಿನ ತುಂಡಿಗೆ ತೂರಿಸಿದರು. ಹೋಗಿ ಕುಳಿತಿತು.

“ಸಡಿಲ ಬೇಡ್ವಾ ಇಲ್ಲಿ?” ಎಂದರು ಅತ್ತೆ, ಕಣ್ಣೆತ್ತದೆ.

“ಬೇಡ ಅತ್ತೆ. ಬಿಗಿಯಾಗೇ ಇರಲಿ.”

ಒಂದೊಂದು ಕೂಡಿಕೆಗೂ ಬೆಳ್ಳಿ ಟೇಪು ಸುತ್ತಿದೆ. ಗಾಳಿ ಹೋಗುವ ದಿಕ್ಕಿಗೆ ನೆರಿಗೆಯ ತುದಿ ಇರಬೇಕು. ಒಂದು ತುಂಡನ್ನು ಭಾವ ತಿರುವುಮುರುವು ಕೂರಿಸಿ, ಬೈಸಿಕೊಂಡು, ಬಿಚ್ಚಿ ಮತ್ತೆ ಕೂರಿಸಿದರು. ಬೈದದ್ದು ನಾನು. ಭಾವನಿಗೆ ಎದುರಾಡಿದ್ದು ಅದೇ ಮೊದಲು. ಅವರು, “ಸರಿ ಮೇಡಂ,” ಎಂದರು.

ಬೆಳಕಿಳಿಯುವ ಮೊದಲು ಫ್ಯಾನ್ ಹಾಕಿದೆ. ಮೂವರೂ ಒಳಕೋಣೆಯಲ್ಲಿ ಜಾಲರಿಯ ಕೆಳಗೆ ನಿಂತೆವು. ಹತ್ತಿಯ ಎಸಳು ಮೊದಲು ಸುಮ್ಮನಿತ್ತು. ಆಮೇಲೆ ಓರೆಯಾಯಿತು. ಓರೆಯಾಗಿಯೇ ನಿಂತಿತು, ಇಳಿಯಲಿಲ್ಲ. ಎದುರು ಗೋಡೆಯ ಕ್ಯಾಲೆಂಡರಿನ ಹಾಳೆ ಸಣ್ಣಗೆ ಬಡಿಯತೊಡಗಿತು.

ಭಾವ ಅಂಗೈ ಹಿಡಿದರು. ಹಿಂಗೈ ಹಿಡಿದರು.

“ಹೂಂ,” ಎಂದರು. “ಬರ್ತಿದೆ.”

ಅತ್ತೆ ಮಂಚದ ಮೇಲೆ ಕುಳಿತು, ಬುಟ್ಟಿಯಲ್ಲಿ ಉಳಿದಿದ್ದ ದಾರದ ಉಂಡೆಗಳನ್ನು ತೆಗೆದು ಕಪಾಟಿನಲ್ಲಿಟ್ಟರು. “ಊಟ ಮಾಡ್ಕೊಂಡು ಹೋಗೋ,” ಎಂದರು ಮಗನಿಗೆ. ಭಾವ ಉಂಡರು. ಬಿಚ್ಚಿದ್ದ ಸೀಟನ್ನು ಮನೆಯಲ್ಲೇ ಹಾಕಿಕೊಳ್ಳುತ್ತೇನೆಂದು ಹೋದರು.

ಸೋಮವಾರ ಸೀಲಿಂಗಿನವನು ಬಂದ. ಒಮ್ಮೆ ತಲೆ ಎತ್ತಿ ನೋಡಿ, “ಅಣ್ಣ ಮುಗಿಸೇ ಹೋಗಿದ್ರಾ?” ಎಂದ. “ಇಲ್ಲ, ನಾವು,” ಎಂದರು ಅತ್ತೆ. ಅವನು ಹಲಗೆ ಮುಚ್ಚುವವರೆಗೂ ಅವರು ನಡುಮನೆಯ ಕುರ್ಚಿ ಬಿಟ್ಟು ಏಳಲಿಲ್ಲ.

*

ಇಕ್ಕಳ ಒಯ್ದಾಗ ಡಬ್ಬಿ ಬಕೆಟ್ಟಿಗೆ ತಳ ಕೂರಿಸುತ್ತಿದ್ದ. ನಾನದನ್ನು ಅವನ ಮುಂದಿಟ್ಟೆ. ಗವಸಿನ ಚೂರು ಬಿಚ್ಚಿ, ಹಿಡಿಯನ್ನು ಎರಡು ಸಲ ಅದುಮಿ ನೋಡಿದ.

“ಬಾಯಿ ಬಿಗಿಯಾಗಿಬಿಟ್ಟಿದೆಯಲ್ಲ.”

“ಅತ್ತೆ ಎಣ್ಣೆ ಬಿಟ್ಟು ಕೀಲಿನ ಮೊಳೆ ಬಡಿದ್ರು. ಲಟಲಟ ಅಂತಿದೆ ಅಂತ.”

“ನಾನು ಸಡಿಲ ಇಟ್ಕೊಂಡಿದ್ದು ಬೇಕು ಅಂತಲೇ.” ಇನ್ನೊಂದು ಸಲ ಅದುಮಿದ. “ಹೋಗಲಿ. ಗಾಳಿ ಹೇಗೆ?”

“ಬರ್ತಿದೆ. ಚಳಿ ಆಗುತ್ತೆ, ಫ್ಯಾನ್ ಸಣ್ಣಕ್ಕಿಡು ಅಂತ ದಿನಾ ಜಗಳ.”

“ನಿಜವಾಗ್ಲೂ ಚಳಿಯಾ?”

“ನಿಜವಾಗ್ಲೂ.”

ಅವನು ಬಟ್ಟೆಯ ಚೂರನ್ನು ಮಡಿಸಿ ನನ್ನ ಕೈಗೆ ಕೊಟ್ಟ. “ನಾಳೆ ಬೆಳಿಗ್ಗೆ ತಂದುಕೊಡ್ತೀನಿ ಅಂದಿದ್ರು ಅವರು, ಒಯ್ಯುವಾಗ,” ಎಂದ.

“ಹೌದಾ,” ಎಂದೆ. “ತಡವಾಯ್ತು.”

“ಇರಲಿ ಬಿಡಿ,” ಎಂದು ಇಕ್ಕಳವನ್ನು ಮೊಣಕಾಲ ಪಕ್ಕಕ್ಕಿಟ್ಟುಕೊಂಡು, ಬಕೆಟ್ಟನ್ನು ಮತ್ತೆ ಮಗುಚಿ ಬಡಿಯತೊಡಗಿದ.